ಶಂಕ್ರೆಪ್ಪನ ಡಬ್ಬಿಯ ಹುಣಸೆಬೀಜಗಳು

ಬಾಗಿಲು ಬಡಿದ ಸದ್ದಿಗೆ ನಿಜಗುಣಪ್ಪ ಎದ್ದು, ಕಂದೀಲು ಹಿಡಿದು ಅಗುಳಿ ತೆಗೆದ. ಹೊರಗೆ ರಾಯವ್ವ ನಿಂತಿದ್ದಳು. ಸೆರಗಿನ ಮರೆಯಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ಕಟ್ಟೆಯ ಮೇಲೆ ಬೋರಲು ಹಾಕಿದಳು. ಹುಣಸೆಬೀಜಗಳು ಉರುಳಿದವು.

"ಎಣಸ್ರಿ."

ಒಂಬತ್ತು.

"ಇಪ್ಪತ್ತಾರು ಇರಬೇಕಿತ್ತು. ಕಳ್ಳ ನಮ್ಮ ಮನಿಯೊಳಗ ಅದಾನ. ಮುಂಜಾನೆ ಬರ್ರಿ."

ಅಷ್ಟೇ ಹೇಳಿ ಹೊರಟುಹೋದಳು. ಹುಣಸೆಬೀಜ ಕದಿಯುವ ಕಳ್ಳನನ್ನು ಬೈಲಹೊಂಗಲ ಅದುವರೆಗೆ ಕಂಡಿರಲಿಲ್ಲ. ನಿಜಗುಣಪ್ಪನಿಗೆ ಮತ್ತೆ ನಿದ್ದೆ ಹತ್ತಲಿಲ್ಲ.

1974ರ ಮಾತು. ದಮ್ಮಿನ ರೋಗಿಗಳ ಬದುಕಿನಲ್ಲಿ ನೆಮ್ಮದಿ ಎಷ್ಟು ಉಳಿದಿದೆಯೆಂದು ಅಳೆಯಲು ಧಾರವಾಡದ ಡಾಕ್ಟರರೊಬ್ಬರು ಹೊರಟಿದ್ದರು. ಎದೆಯ ಗಾಳಿಯನ್ನು ಅಳೆಯಲು ಅವರಲ್ಲಿ ಯಂತ್ರವಿತ್ತು, ನೆಮ್ಮದಿಗೆ ಇರಲಿಲ್ಲ. ಓದುಬರಹ ಬಾರದವರಿಗಾಗಿ ಆರೋಗ್ಯ ಸಹಾಯಕ ನಿಜಗುಣಪ್ಪ ಒಂದು ಉಪಾಯ ಹೂಡಿದ್ದ: ಉಸಿರು ಸಿಗದೆ ಎದ್ದು ಕುಳಿತ ಪ್ರತಿ ರಾತ್ರಿಗೂ ಡಬ್ಬಿಯಲ್ಲೊಂದು ಬೀಜ. ತಿಂಗಳಿಗೆ ಇಪ್ಪತ್ತು ದಾಟಿದವರಿಗೆ ಧಾರವಾಡದಲ್ಲಿ ಮಂಚ ಮತ್ತು ಹೊಸ ಔಷಧಿ. ಪಟ್ಟಿಯೂ ಡಬ್ಬಿಗಳೂ ಮರುದಿನ ಬೆಳಗಿನ ಹತ್ತರ ಬಸ್ಸಿಗೆ ಧಾರವಾಡಕ್ಕೆ ಹೋಗಬೇಕಿದ್ದವು. ಜಿನ್ನಿಂಗ್ ಗಿರಣಿಯಲ್ಲಿ ಮೂವತ್ತು ವರ್ಷ ಹತ್ತಿಯ ಧೂಳು ಕುಡಿದ ರಾಯವ್ವನ ಗಂಡ ಶಂಕ್ರೆಪ್ಪ, ಒಂಬತ್ತೇ ಬೀಜ ಉಳಿದರೆ, ಪಟ್ಟಿಯ ಹೊರಗೆ.

ಮುಂಜಾನೆ ನಿಜಗುಣಪ್ಪ ಹೋದಾಗ ಶಂಕ್ರೆಪ್ಪ ಪಡಸಾಲೆಯ ಕಂಬಕ್ಕೆ ಒರಗಿ, ಮೊಣಕಾಲ ಮೇಲೆ ಕೈಯೂರಿ ಉಸಿರೆಳೆಯುತ್ತಿದ್ದ.

"ಖರೇನ ಇಪ್ಪತ್ತಾರು ರಾತ್ರಿ ಎದ್ದು ಕುಂತಿದ್ರೇನ್ರಿ?"

ಉತ್ತರ ಕೊಟ್ಟವನು ಪಕ್ಕದ ಮನೆಯ ಮಡಿವಾಳೆಪ್ಪ. "ನನ್ನ ಕೇಳ್ರಿ ಸಾಹೇಬ್ರ. ಕಾಕಾನ ಕೆಮ್ಮು ಕೇಳಿ ನಮ್ಮ ಹುಂಜ ಕೂಗೋದ ಬಿಟ್ಟೈತಿ."

"ಬೀಜ ನಾನ ಹಾಕೇನಿ, ಒಂದೂ ತಪ್ಪಿಲ್ಲ," ಎಂದಳು ರಾಯವ್ವ. "ಡಬ್ಬಿ ಇರೋದು ಅಡಗಿಮನಿ ಗ್ವಾಡಿ ಮಾಡದಾಗ. ಅಲ್ಲಿ ಕೈ ಆಡಸಾಕಿ ಒಬ್ಬಾಕಿನ." ಅವಳ ಕಣ್ಣು ಸೊಸೆ ಇಂದ್ರವ್ವನ ಮೇಲಿತ್ತು.

"ನಾ ಯಾಕ ತಗೀಲಿ ಅತ್ತಿ? ಮಾವಾರು ಧಾರವಾಡಕ್ಕ ಹೋದ್ರ ನನಗೂ ನಾಕು ದಿನ ನಿದ್ದಿ ಹತ್ತತೈತಿ."

ಆ ಮಾತಿನಲ್ಲಿ ನ್ಯಾಯವಿತ್ತು. ನಿಜಗುಣಪ್ಪನ ಗೊಂದಲ ಹೆಚ್ಚಿತು. ಬೀಜ ಇಳಿದರೆ ಈ ಮನೆಯಲ್ಲಿ ಯಾರಿಗೂ ಲಾಭವಿರಲಿಲ್ಲ. ಲಾಭವಿಲ್ಲದೆ ಕದಿಯುವವರು ಯಾರು?

"ಎಲ್ಲಾರೂ ಲಿಂಗ ಮುಟ್ಟಿ ಹೇಳ್ರಿ," ಎಂದಳು ರಾಯವ್ವ. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ತಾನೇ ಮೊದಲು ಆಣೆಯಿಟ್ಟಳು. ಇಂದ್ರವ್ವನೂ ಇಟ್ಟಳು. ಶಂಕ್ರೆಪ್ಪನ ಕೈ ಎದೆಯವರೆಗೆ ಬಂದು ನಿಂತಿತು.

"ಸಾಹೇಬ್ರ, ಈ ಬೀಜ ಏನು ಅಳೀತಾವ್ರಿ?"

"ದಮ್ಮು ನಿಮ್ಮ ಬದುಕಿನ್ಯಾಗಿನ ಸುಖಾ ಎಷ್ಟು ಕಸಗೊಂಡೈತಿ ಅಂತ."

ಶಂಕ್ರೆಪ್ಪ ಎರಡು ಸಲ ಉಸಿರೆಳೆದುಕೊಂಡ. "ಜಿನ್ನಿನ್ಯಾಗ ರಾತ್ರಿಪಾಳಿ ಮಾಡಾವಗ ಹೆಂಡ್ತಿ ಜೋಡಿ ಮಾತೆಲ್ಲಿ ಬಂತ್ರಿ. ಈಗ ದಮ್ಮು ಹತ್ತಿದ ರಾತ್ರಿ ಬೆನ್ನಿಗೆ ಬೆನ್ನು ಕೊಟ್ಟು ಕುಂದರತಾಳ. ಸಿರಸಂಗಿಯೊಳಗ ಸಣ್ಣಾಕಿ ಇದ್ದಾಗ ಯಾರ ಗಿಡದ ಪೇರಲ ಕದ್ದಳು, ಯಾರ ಕೈಲೆ ಹೊಡತಾ ತಿಂದಳು, ಎಲ್ಲಾ ಹೇಳತಾಳ. ನಗಾಕ ಹೋಗಿ ಮತ್ತ ಕೆಮ್ಮತೇನಿ. ಹಂಗ ಹದಿನೇಳು ರಾತ್ರಿ ಹೋದೂವು. ಅವನ್ನ ಲುಕ್ಸಾನದಾಗ ಹೆಂಗ ಹಾಕೂದ್ರಿ?"

"ಮುದುಕಗ ಬುದ್ಧಿ ಎಳ್ಳಷ್ಟೂ ಇಲ್ಲ," ಎಂದ ರಾಯವ್ವ ಸೊಸೆಯ ಕಡೆ ನೋಡಲಾರದೆ ಒಳಗೆ ನಡೆದಳು.

ನಿಜಗುಣಪ್ಪ ಕಾಗದ ಬಿಡಿಸಿ ಕುಳಿತ. ಇಪ್ಪತ್ತಾರು ನಿಜ. ಒಂಬತ್ತೂ ಸುಳ್ಳಲ್ಲ. ಇವುಗಳಲ್ಲಿ ಡಾಕ್ಟರರು ಹುಡುಕುತ್ತಿರುವುದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಆದರೆ ಎದುರಿನ ಎದೆ ಏರಿಳಿಯುತ್ತಲೇ ಇತ್ತು. ಇಪ್ಪತ್ತಾರು ಎಂದು ಬರೆದು, ಮಂಚ ಎಂಬ ಅಂಕಣದಲ್ಲಿ ಗುರುತು ಹಾಕಿದ. ಷರಾ ಎಂಬಲ್ಲಿ ಲೇಖನಿ ತಡೆಯಿತು. ಡಬ್ಬಿಯಲ್ಲಿ ಹದಿನೇಳು ಕಡಿಮೆಯಾದುದಕ್ಕೆ ಕಾರಣ ಕೊಡಲೇಬೇಕಿತ್ತು. ಅವನು ಒಂದೇ ಸಾಲು ಬರೆದ.

ಬೀಜ ತೆಗೆದವರು: ರೋಗಿ ಶಂಕ್ರೆಪ್ಪ.