ಒಳಜೇಬು

ತಮ್ಮನ ಮೊದಲ ಎರಡು ಕಾದಂಬರಿಗಳನ್ನು ಕೊನೆಯವರೆಗೆ ಓದಿದವರು ಮೂವರೇ: ಕರಡು ತಿದ್ದಿದವನು, ಪ್ರಕಾಶಕ, ಮತ್ತು ಅಕ್ಕನ ಗಂಡ. ಮೊದಲಿಬ್ಬರಿಗೆ ಅದು ಹೊಟ್ಟೆಪಾಡು. ಭಾವ ಮಾತ್ರ ಪ್ರೀತಿಯಿಂದ ಓದಿದ್ದ.

ಮೂರನೆಯದನ್ನು ತೆಗೆದುಕೊಂಡು ಹೋದಾಗ ಪ್ರಕಾಶಕ ಕನ್ನಡಕ ಕೆಳಗಿಟ್ಟು, ನೀರಿನ ಇಲಾಖೆಯ ಸುತ್ತೋಲೆ ಕೂಡ ಇದಕ್ಕಿಂತ ಚುರುಕಾಗಿರುತ್ತದೆ ಎಂದ. ತಮ್ಮ ಹಗಲೆಲ್ಲ ಸುತ್ತೋಲೆ ಬರೆಯುತ್ತಿದ್ದುದು ನೀರಿನ ಇಲಾಖೆಯಲ್ಲೇ. ನಿಮ್ಮದೇ ಆದ ಶೈಲಿಯೊಂದು ಸಿಗುವವರೆಗೆ ಈ ಮೆಟ್ಟಿಲು ಹತ್ತಬೇಡಿ ಎಂದೂ ಆತ ಹೇಳಿದ. ಶೈಲಿಯೇನು ಬಸ್ಸಿನಲ್ಲಿ ಮರೆತ ಕೊಡೆಯೇ, ಹೋಗಿ ಕೇಳಿ ತರಲು?

ಸಪ್ಪೆ ಮೋರೆ ಹಾಕಿಕೊಂಡು ಅವನು ಅಕ್ಕನ ಅಂಗಡಿಗೆ ಹೋದ. ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಉದ್ದನೆಯ ಮೇಜು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು ಭಾವನ ಕೆಲಸ. ಮಾತೆಲ್ಲ ಅಕ್ಕನದು.

ಅವತ್ತು ಗಿರಾಕಿಯೊಬ್ಬ ಹೊಟ್ಟೆ ಒಳಗೆಳೆದುಕೊಂಡು ಸೊಂಟದ ಅಳತೆ ಕೊಡುತ್ತಿದ್ದ. "ಉಸಿರು ಬಿಡಿ ಸ್ವಾಮಿ," ಎಂದಳು ಅಕ್ಕ. "ಇಲ್ದಿದ್ರೆ ಪ್ಯಾಂಟು ಹರಿಯೋವರೆಗೂ ಹೀಗೇ ಹಿಡ್ಕೊಂಡಿರ್ಬೇಕಾಗುತ್ತೆ." ಇನ್ನೊಬ್ಬ ಜೂಲು ಜೂಲಾದ ಕೋಟು ತಂದಾಗ, ಇದಕ್ಕೆ ಹೊಲಿಗೆ ಬೇಡ, ಕೈಮುಗಿದು ಕ್ಷಮೆ ಕೇಳಿ ಸಾಕು ಎಂದಳು. ನಿಮ್ಮ ಯಜಮಾನರು ಬಾಯೇ ಬಿಡುವುದಿಲ್ಲವಲ್ಲ ಎಂದು ಅವನು ಕೇಳಿದ್ದಕ್ಕೆ ಗಂಡನ ಕಡೆ ನೋಡಿ ನಕ್ಕಳು. "ಅವರು ನನ್ನ ಒಳಜೇಬು. ಏನಿಟ್ರೂ ಹೊರಗೆ ಕಾಣಲ್ಲ, ಬಿದ್ದೂ ಹೋಗಲ್ಲ." ಭಾವನ ಕಿವಿ ಕೆಂಪಾಯಿತು. ಅವನು ತಲೆ ತಗ್ಗಿಸಿ ಗುಂಡಿ ಹೊಲಿದ.

ಹುಟ್ಟಿದಾಗಿನಿಂದ ಕೇಳಿದ ಬಾಯಿಯೇ. ಆದರೆ ತಮ್ಮನ ಕಿವಿ ನೆಟ್ಟಗಾದದ್ದು ಅವತ್ತು. ತುಂಬಿದ ಕೊಡ ಹೊತ್ತವನಂತೆ, ದಾರಿಯಲ್ಲಿ ಯಾರನ್ನೂ ಮಾತಾಡಿಸದೆ ಮನೆಗೆ ಹೋಗಿ ಎಲ್ಲವನ್ನೂ ಬರೆದಿಟ್ಟ. ಮರುದಿನವೂ ಹೋದ, ಅದರ ಮರುದಿನವೂ. ತಮ್ಮನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಅಕ್ಕ ಹಿಗ್ಗಿ, ಅವನು ಕೂರುವ ಕುರ್ಚಿಗೆ ಒಂದು ದಿಂಬು ಹೊಲಿದು ಹಾಕಿದಳು.

ಕಾದಂಬರಿ ಬಂತು, ಜನ ಮುಗಿಬಿದ್ದು ಕೊಂಡರು. ಇಂಥ ಶೈಲಿ ಹಿಂದೆ ಕಂಡಿಲ್ಲ ಎಂದು ಪತ್ರಿಕೆಗಳು ಬರೆದವು. ಸನ್ಮಾನದ ದಿನ ತಮ್ಮ ಮೈಕು ಹಿಡಿದು, ಶೈಲಿಯನ್ನು ಯಾರಿಂದಲೂ ಪಡೆಯಲಾಗದು, ಅದು ಬರೆಯುವವನ ಒಳಗೇ ಹುಟ್ಟಬೇಕು ಎಂದ. ನಾಲಿಗೆ ಒಂಚೂರೂ ತೊದಲಲಿಲ್ಲ. ಅಕ್ಕ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಪುಸ್ತಕ ಓದಲು ಅವಳಿಗಿನ್ನೂ ಪುರುಸೊತ್ತಾಗಿರಲಿಲ್ಲ.

ವಿಷಯ ಗೊತ್ತಾದದ್ದು ಗಿರಾಕಿಗಳಿಂದ. ಕೋಟಿನ ಮಾತನ್ನು ಅಕ್ಕ ಒಬ್ಬ ಶಾಲೆ ಮೇಷ್ಟ್ರಿಗೆ ಹೇಳಿದಳು. ಆತ ನಕ್ಕ. "ತಮ್ಮನ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದೀರಲ್ಲ. ಆದ್ರೆ ಅವರು ಬರೆದಷ್ಟು ಸೊಗಸಾಗಿ ನಿಮಗೆ ಬರಲ್ಲ ಬಿಡಿ."

ಆಮೇಲೆ ಅವಳು ಏನು ಅಂದರೂ ಅದು ಎಷ್ಟನೇ ಪುಟದ್ದು ಎಂದು ಕೇಳುವವರೇ. ಭಾವನಿಗೆ ಬೀದಿಯಲ್ಲಿ ಒಳಜೇಬು ಎಂದೇ ಹೆಸರಾಯಿತು. ಕ್ಷೌರಿಕ ಅವನ ಎದೆ ತಟ್ಟಿ, ಇವತ್ತು ಒಳಗೇನಿದೆ ಎಂದು ಕೇಳಿದ. ಸರದಿಗೆ ಕೂತವರೆಲ್ಲ ನಕ್ಕರು. ಭಾವನೂ ನಕ್ಕ. ಆಮೇಲೆ ಕ್ಷೌರಕ್ಕೆ ಹೋಗುವುದನ್ನೇ ಬಿಟ್ಟ, ಕೂದಲು ಕಿವಿ ಮುಚ್ಚಿತು.

ಅಕ್ಕ ಜಗಳ ತೆಗೆಯಲಿಲ್ಲ. "ಆ ಒಳಜೇಬೊಂದನ್ನಾದ್ರೂ ಬಿಡಬಹುದಿತ್ತಲ್ಲೋ," ಎಂದಳು, ಅಷ್ಟೇ.

"ನೀನು ಗಾಳಿಗೆ ಬಿಡ್ತಿದ್ದೆ ಅಕ್ಕ. ನಾನು ಉಳಿಸಿದೆ," ಎಂದ ತಮ್ಮ. ಅವನು ಹಾಗೆಂದೇ ನಂಬಿದ್ದ. ಇಂಥವರಿಗೆ ನಂಬಿಕೆಗೇನೂ ಬರವಿಲ್ಲ.

ಅಂದಿನಿಂದ ಅಕ್ಕನ ಬಾಯಿಗೆ ಬೀಗ ಬಿತ್ತು. ಎಷ್ಟು ಉದ್ದ, ಯಾವತ್ತು ಬೇಕು, ಇಷ್ಟೇ ಮಾತು. ತಮ್ಮ ದಿಂಬಿನ ಮೇಲೆ ಕೂತೇ ಕೂತ. ಬೇಕೆಂದೇ ಗಿರಾಕಿಗಳ ಎದುರು ಅವಳ ಹೊಲಿಗೆಯಲ್ಲಿ ತಪ್ಪು ಹುಡುಕಿದ, ಸಿಟ್ಟಿಗಾದರೂ ಒಂದು ಮಾತು ಉದುರಲಿ ಎಂದು. ಅವಳು ಸರಿ ಮಾಡಿಕೊಡುತ್ತೇನೆ ಎಂದು ಹೊಲಿಗೆ ಬಿಚ್ಚಿದಳು. ಇತ್ತ ಪ್ರಕಾಶಕ ಮುಂದಿನ ಕಾದಂಬರಿಗೆ ಪೀಡಿಸುತ್ತಿದ್ದ. ಕೂಡಿಟ್ಟ ಮಾತಿನಲ್ಲೇ ತಮ್ಮ ಅದನ್ನು ಹೇಗೋ ಕೊನೆಯ ಅಧ್ಯಾಯದವರೆಗೆ ಎಳೆದು ತಂದಿದ್ದ. ಅಲ್ಲಿ ಹೆಂಗಸೊಬ್ಬಳು ಗಂಡನ ಹೆಣದ ಮುಂದೆ ಅಳಬೇಕಿತ್ತು. ತಿಂಗಳುಗಟ್ಟಲೆ ಕಳೆದರೂ ಅವಳು ಅಳಲಿಲ್ಲ, ಬರೆದದ್ದೆಲ್ಲ ಸುತ್ತೋಲೆಯಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಭಾವ ಇಸ್ತ್ರಿ ಮಾಡುತ್ತಿದ್ದವನು ಹಾಗೆಯೇ ಕುಸಿದು ತೀರಿಕೊಂಡ. ಸುದ್ದಿ ಕೇಳಿ ತಮ್ಮನಿಗೆ ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ದುಃಖಕ್ಕಿಂತ ಮೊದಲು ಇನ್ನೊಂದು ಯೋಚನೆ ಬಂದು ನಿಂತಿತ್ತು: ಇವತ್ತಾದರೂ ಅಕ್ಕ ಬಾಯಿ ಬಿಡುತ್ತಾಳೆ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಭಾವನನ್ನು ಮಲಗಿಸಿದ್ದರು. ಜನರಿಗೆ ಜಾಗವಾಗಲೆಂದು ಹೊಲಿಗೆ ಯಂತ್ರವನ್ನು ಒಳಕೋಣೆಗೆ ತಳ್ಳಿದ್ದರು. ಅಕ್ಕ ಗಂಡನ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸವರುತ್ತ ನಿಂತಿದ್ದಳು. ತಮ್ಮ ಹೋಗಿ ಪಕ್ಕದಲ್ಲೇ ನಿಂತ. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ಅರಿವಿಲ್ಲದೆ ಅವಳ ಬಾಯಿಯ ಕಡೆಗೆ ತಲೆ ಬಾಗಿಸಿದ. ಅಕ್ಕ ಅದನ್ನು ಕಂಡು ಬಾಯಿ ಮುಚ್ಚಿಕೊಂಡಳು.

"ನೀನು ಸ್ವಲ್ಪ ಆಚೆ ಹೋಗೋ," ಎಂದಳು ಮೆಲ್ಲಗೆ. "ನಾನು ಅಳ್ಬೇಕು."

ಅವನು ಕದಲಲಿಲ್ಲ. ಇಂಥ ಹೊತ್ತಿನಲ್ಲಿ ಒಡಹುಟ್ಟಿದವಳನ್ನು ಹೇಗೆ ಬಿಟ್ಟು ಹೋಗಲಿ ಎಂದ. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಅಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿ, ಗಂಡನನ್ನು ಅಲ್ಲೇ ಬಿಟ್ಟು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ತಮ್ಮ ಹಿಂದೆಯೇ ಹೋಗಿ ಬಾಗಿಲಿಗೆ ಹಣೆ ಆನಿಸಿದ, ಆಮೇಲೆ ಕಿವಿ. ಯಾರೋ ಬಂದು, ಗಟ್ಟಿ ಮನಸ್ಸು ಮಾಡಿಕೋಪ್ಪ ಎಂದು ಅವನ ಬೆನ್ನು ಸವರಿದರು. ಒಳಗೆ ಅಕ್ಕನ ದನಿ ಎದ್ದಿತು. ಗಂಡನನ್ನು ಯಾವುದೋ ಹೆಸರಿನಿಂದ ಕರೆದಳು. ಆ ಹೆಸರನ್ನು ಇವನು ಎಂದೂ ಕೇಳಿರಲಿಲ್ಲ. ಉಸಿರು ಹಿಡಿದು ಮುಂದಿನ ಮಾತಿಗೆ ಕಾದ.

ಆಗ ಒಳಗೆ ಹೊಲಿಗೆ ಯಂತ್ರ ಶುರುವಾಗಿ ಅವಳ ದನಿ ಅದರಲ್ಲಿ ಮುಳುಗಿತು. ಅಕ್ಕ ಎಷ್ಟು ಜೋರಾಗಿ ತುಳಿಯುತ್ತಿದ್ದಳೆಂದರೆ ಬಾಗಿಲೇ ನಡುಗಿತು. ಮುಂದಿನ ಕೋಣೆಯಲ್ಲಿ ಜನ ಮುಖ ಮುಖ ನೋಡಿಕೊಂಡರು. ಗಂಡನ ಹೆಣ ಮುಂದಿರುವಾಗ ಹೊಲಿಯಲು ಕೂತಳಲ್ಲ, ಇವಳೆಂಥ ಹೆಂಗಸು ಎಂದು ಯಾರೋ ಅಂದರು. ಹೊಲಿಯುವ ಬಟ್ಟೆಯೆಲ್ಲ ಮುಂದಿನ ಕೋಣೆಯಲ್ಲೇ ಇತ್ತು, ಒಳಗೆ ಹೊಲಿಯಲು ಒಂದು ತುಂಡೂ ಇಲ್ಲವೆಂದು ತಮ್ಮನಿಗೆ ಗೊತ್ತಿತ್ತು, ಹೇಳಲಿಲ್ಲ. ಅವನು ಬಾಗಿಲಿಗೆ ಕಿವಿಯನ್ನು ಇನ್ನಷ್ಟು ಒತ್ತಿ, ಅವಳ ಕಾಲು ಸೋಲುವುದನ್ನೇ ಕಾಯುತ್ತ ನಿಂತ.