ನಿಂಬೆಹಣ್ಣಿನ ಮೇಲೆ ಹತ್ತಿಸುವ ಮೊದಲು ಓಡಿಸಿ ನೋಡಿ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬಸ್ಸೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಬಸ್ಸಿದೆ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅದು ದಾರಿಯಲ್ಲಿ ಎಲ್ಲೋ ಇರುತ್ತದೆ, ಅಷ್ಟೇ. ಅದರೊಳಗೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಯಾರದೋ ಮೂಟೆಗೆ ಒರಗಿ ನಿಂತ ಲೆಕ್ಕದ ಟೀಚರ್ ವನಿತಾ ದಿನಾ ಬೆಳಗ್ಗೆ ಹಲ್ಲು ಕಡಿಯುತ್ತಿದ್ದಳು. ತಡವಾದರೆ ಹೆಡ್‌ಮಾಸ್ಟರು ಅರ್ಧ ದಿನದ ರಜೆ ಹಾಕುತ್ತಿದ್ದರು. "ಬಸ್ಸು ನಂದಾ ಸಾರ್?" ಎಂದು ಒಮ್ಮೆ ಮುಖಕ್ಕೆ ಹೊಡೆದಂತೆ ಕೇಳಿಯೂ ಬಿಟ್ಟಿದ್ದಳು. ರಜೆಯೇನೂ ವಾಪಸ್ ಬರಲಿಲ್ಲ.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ವನಿತಾಳ ಗಂಡ ದೀಪಕ್ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನನ್ನು ಕರೆದೊಯ್ಯಲು ಕಾರ್ಖಾನೆಯ ಬಸ್ಸು ಬೀದಿಯ ತಿರುವಿಗೇ ಬರುತ್ತಿತ್ತು. ಆ ವರ್ಷ ಕಾರ್ಖಾನೆಯವರು ಸೂಪರ್‌ವೈಸರ್‌ಗಳಿಗೆ ಲೀಸಿನ ಮೇಲೆ ಕಾರು ಕೊಡಿಸುವ ಏರ್ಪಾಡು ಮಾಡಿದರು. ಕಾರು ಲೀಸ್ ಕಂಪನಿಯದು, ಓಡಿಸುವವರು ನಾವು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಾರೆ. ಅವಧಿ ಮುಗಿದ ಮೇಲೆ ಕಾರನ್ನು ವಾಪಸ್ ಕೊಡಬೇಕು, ಬೇಕಾದರೆ ಉಳಿದ ಬೆಲೆ ಕೊಟ್ಟು ಇಟ್ಟುಕೊಳ್ಳಬಹುದು.

"ನಿನಗೇ ಕಣೆ ಕಾರು. ಇನ್ನು ಬಸ್ಸಿನ ಗೋಳು ತಪ್ತು" ಎಂದ ದೀಪಕ್.

ವನಿತಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಬೇಸಿಗೆ ರಜೆಯಲ್ಲಿ ಮಲ್ಲಯ್ಯನವರ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿತು ಲೈಸೆನ್ಸ್ ಪಡೆದಿದ್ದಳು. ನಾಲೆಯ ಪಕ್ಕದ ರಸ್ತೆಯಲ್ಲಿ ಮೊದಲ ಸಲ ಎರಡನೇ ಗೇರಿನಿಂದ ಮೂರಕ್ಕೆ ಹಾಕಿ, ಕಾರು ಸರಾಗವಾಗಿ ಮುಂದೆ ಹರಿದಾಗ ಅವಳು ಜೋರಾಗಿ ನಕ್ಕಿದ್ದಳು. ಅಷ್ಟು ಸುಖ ಅವಳಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆಂದು ಹೇಳಿರಲಿಲ್ಲ.

ಆದರೆ ಕಾರು ಆರಿಸಲು ಕೂತವರು ಯಾರು? ಮಾವ ಮರಿಸ್ವಾಮಿ, ಅತ್ತೆ ಚಿನ್ನಮ್ಮ, ದೀಪಕ್ ಮತ್ತು ಲೀಸ್ ಕಂಪನಿಯ ಏಜೆಂಟ್ ಗುರು. ವನಿತಾ ಕಾಫಿ ತಂದುಕೊಟ್ಟಳು.

"ಯಜಮಾನ್ರೇ, ನಿಮ್ಮ ಗತ್ತಿಗೆ ಸಣ್ಣ ಕಾರು ಒಪ್ಪಲ್ಲ" ಎಂದ ಗುರು, ಜೀಪಿನಷ್ಟು ಎತ್ತರದ ದೊಡ್ಡ ಗಾಡಿಯ ಚಿತ್ರ ತೋರಿಸಿ. ಮರಿಸ್ವಾಮಿ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಆ ಮಾತಿಗೆ ಅವರ ಮೀಸೆ ತಾನಾಗಿಯೇ ಮೇಲೆದ್ದಿತು.

"ದೂರದಿಂದ್ಲೇ ಯಾರೋ ದೊಡ್ಡೋರು ಬತ್ತಾವ್ರೆ ಅನ್ನುಸ್ಬೇಕು ಕಣ್ಲಾ ದೀಪು. ತಿಂಗ್ಳಿಗೆ ವಸಿ ಜಾಸ್ತಿ ಆಯ್ತದೆ, ಆಗ್ಲಿ. ಲೀಸು ಅಂದ್ಮೇಲೆ ಕೊನೇಲಿ ದುಡ್ಡು ವಾಪಸ್ ಬಂದೇ ಬತ್ತದಲ್ಲ!"

ಗುರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಬಿಸ್ಕತ್ತು ತಿಂದ.

"ಬಣ್ಣ ಬಿಳೀದೇ ಇರ್ಲಪ್ಪ" ಎಂದರು ಚಿನ್ನಮ್ಮ.

"ಓಡ್ಸೋಳು ನಾನಲ್ವಾ ಮಾವ?" ಎಂದಳು ವನಿತಾ ಬಾಗಿಲಲ್ಲಿ ನಿಂತು.

"ಓಡ್ಸವ್ವಾ, ಯಾರು ಬ್ಯಾಡ ಅಂದ್ರು? ತರೋದು ನಮ್ಮ ಕೆಲ್ಸ, ಓಡ್ಸೋದು ನಿನ್ನ ಕೆಲ್ಸ!"

ಎಲ್ಲರೂ ನಕ್ಕರು. ವನಿತಾಳಿಗೆ ಮೈಯೆಲ್ಲ ಉರಿಯಿತು. ಸೋಮವಾರ ದಿನ ಚೆನ್ನಾಗಿದೆ, ಗಾಡಿಯನ್ನು ನೇರವಾಗಿ ದೇವಸ್ಥಾನದ ಮುಂದೆ ಪೂಜೆಗೇ ತಂದು ನಿಲ್ಲಿಸುತ್ತೇನೆ, ದೀಪಕ್ ಸಾರ್ ಅಲ್ಲೇ ಸಹಿ ಹಾಕಿದರೆ ಸಾಕು ಎಂದು ಗುರು ಎದ್ದು ಹೋದ.

ಅವನು ಹುಷಾರಿ. ನಮ್ಮ ಕಡೆಯವರ ರೂಢಿ ಅವನಿಗೆ ಚೆನ್ನಾಗಿ ಗೊತ್ತು. ಹೊಸ ಗಾಡಿ ಬಂದರೆ ಮೊದಲು ಹೂವಿನ ಹಾರ, ಕುಂಕುಮ, ಮಂಗಳಾರತಿ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿದ ಮೇಲೆಯೇ ಮನೆಯವರು ಓಡಿಸುವುದು. ಪೂಜೆಯಾದ ಗಾಡಿಯನ್ನು ವಾಪಸ್ ಕಳಿಸುವುದೆಂದರೆ ಮನೆಗೆ ಬಂದ ಲಕ್ಷ್ಮಿಯನ್ನು ಹೊರಗೆ ತಳ್ಳಿದಂತೆ ಎಂಬ ಭಯ ಬೇರೆ. ಹೀಗಾಗಿ ನಿಂಬೆಹಣ್ಣು ಅಪ್ಪಚ್ಚಿಯಾದ ಕೂಡಲೇ ಏಜೆಂಟನ ಕೆಲಸ ಮುಗಿಯಿತು. ಭಕ್ತಿ ನಮ್ಮದು, ಅದರಲ್ಲಿ ವ್ಯಾಪಾರ ಮಾಡಿಕೊಳ್ಳುವವನು ಅವನು!

ಮಾರನೆಯ ದಿನ ಶಾಲೆಯಲ್ಲಿ ವನಿತಾ ಇದನ್ನೆಲ್ಲ ಗೆಳತಿ ಕೋಮಲಳಿಗೆ ಹೇಳಿದಳು. ಕೋಮಲ ಅದೇ ಶಾಲೆಯ ಕನ್ನಡ ಟೀಚರ್. ಅವಳ ಗಂಡನೂ ಹಿಂದಿನ ವರ್ಷ ಲೀಸಿಗೆ ಕಾರು ತಂದಿದ್ದ.

"ಓಡ್ಸಿ ನೋಡಿದ್ಯಾ?" ಎಂದಳು ಕೋಮಲ.

"ಹೊಸ ಗಾಡಿ ಅಲ್ವೇನೆ? ಅದನ್ನೇನು ನೋಡೋದು?"

ಕೋಮಲ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದಳು. "ನಾನೂ ಹಿಂಗೇ ಅಂದಿದ್ದೆ. ಪೂಜೆ ಆಯ್ತು, ಕೂತ್ಕೊಂಡೆ, ಸ್ಟೇರಿಂಗ್ ತಿರುಗ್ಸೋ ಅಷ್ಟರಲ್ಲಿ ಭುಜ ಬಿದ್ದೋಯ್ತು. ಬೇರೆ ಕಾರು ತರೋಣ ಅಂದ್ರೆ, ಪೂಜೆ ಆದ ಗಾಡೀನ ಕಳಿಸ್ತಾರೇನೇ ಅಂತ ನಮ್ಮತ್ತೆ ಅತ್ರು. ಕಂಪನಿಯವ್ರನ್ನ ಕೇಳಿದ್ರೆ, ಮಧ್ಯದಲ್ಲಿ ಬಿಟ್ರೆ ದಂಡ ಕಟ್ಟಿ ಅಂದ್ರು. ಈಗ ಅದ್ರಲ್ಲಿ ನನ್ನ ಮೈದುನ ಊರು ಸುತ್ತುತ್ತಾನೆ. ನಾನು ನಿನ್ನ ಪಕ್ಕ ಬಸ್ಸಲ್ಲಿ ನಿಂತಿರ್ತೀನಿ!"

ಇಷ್ಟು ದಿನ ಪಕ್ಕದಲ್ಲೇ ನಿಂತು ಬಂದವಳ ಈ ಕಥೆ ವನಿತಾಳಿಗೆ ಗೊತ್ತಿರಲಿಲ್ಲ.

"ಕೊನೇಲಿ ದುಡ್ಡು ವಾಪಸ್ ಬರುತ್ತೆ ಅಂತಾರೆ ನಮ್ಮ ಮಾವ."

"ಅದು ಮನೆ ಲೀಸು ಕಣೆ. ಇಡಿಗಂಟು ಕೊಟ್ಟು ವಾಸ ಮಾಡ್ತೀವಿ, ಬಿಡುವಾಗ ಗಂಟು ವಾಪಸ್ ಬರುತ್ತೆ. ಕಾರಿಂದು ಹಂಗಲ್ಲ. ತಿಂಗಳಿಗೆ ಕಟ್ಟಿದ್ದು ಬಾಡಿಗೆ ಇದ್ದ ಹಾಗೆ, ಹೋಯ್ತು ಅಂದ್ರೆ ಹೋಯ್ತು. ಅದಕ್ಕೇ ಎಷ್ಟು ಬೇಕೋ ಅಷ್ಟೇ ಕಾರು ತಗೋಬೇಕು. ಇನ್ನೊಂದು ಮಾತು. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸ್ಬೇಕು ಅಂತ ಇರುತ್ತೆ. ಮೀರಿದ್ರೆ ಮೇಲೆ ಕಟ್ಬೇಕು. ದಿನಾ ಹೋಗಿ ಬರೋದು ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿದ್ಯಾ?"

ಹಾಕಿರಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ಮನೆಯ ಲೆಕ್ಕವನ್ನು ಗಂಡಸರಿಗೆ ಬಿಟ್ಟು ಕಾಫಿ ಮಾಡುತ್ತ ನಿಂತಿದ್ದಳು. ವನಿತಾಳಿಗೆ ಮೊದಲ ಬಾರಿ ತನ್ನ ಮೇಲೆಯೇ ಕೋಪ ಬಂತು.

ಸೋಮವಾರ ಬೆಳಗ್ಗೆ ದೇವಸ್ಥಾನದ ಮುಂದೆ ಆ ಬಿಳಿ ಗಾಡಿ ಮನೆಯಷ್ಟು ಎತ್ತರಕ್ಕೆ ನಿಂತಿತ್ತು. ಹಾರ ಬಂದಿತ್ತು. ಅರ್ಚಕರು ನಿಂಬೆಹಣ್ಣು ಕೈಗೆತ್ತಿಕೊಂಡಿದ್ದರು. ವನಿತಾಳ ಕೈಗೆ ಚಿನ್ನಮ್ಮ ಆರತಿ ತಟ್ಟೆ ಕೊಟ್ಟರು. ಡ್ರೈವರ್ ಸೀಟಿನಲ್ಲಿ ಗುರು ಕೂತಿದ್ದ.

ವನಿತಾ ತಟ್ಟೆಯನ್ನು ಅತ್ತೆಯ ಕೈಗೇ ವಾಪಸ್ ಕೊಟ್ಟಳು. "ಇಳೀರಿ ಗುರು. ನಾನು ಮೊದ್ಲು ಓಡ್ಸಿ ನೋಡ್ಬೇಕು. ಪೂಜೆ ಆಮೇಲೆ."

"ಏನವ್ವಾ ಇದು! ಒಳ್ಳೆ ಗಳಿಗೇಲಿ ತಗಾದೆ ತೆಗೀತೀಯಾ?" ಎಂದರು ಮರಿಸ್ವಾಮಿ.

"ವನಿ, ಜನ ನೋಡ್ತಾವ್ರೆ" ಎಂದ ದೀಪಕ್ ಮೆಲ್ಲಗೆ.

"ನೋಡ್ಲಿ ಬಿಡ್ರೀ! ಜನ ಬಂದು ಓಡ್ಸಲ್ಲ, ಓಡ್ಸೋಳು ನಾನು."

ಅರ್ಚಕರಿಗೆ ನಗು ಬಂತು. "ಹೋಗಿ ಬಾಮ್ಮ. ದೇವರು ಇಲ್ಲೇ ಇರ್ತಾನೆ" ಎಂದು ಹಣ್ಣನ್ನು ತಟ್ಟೆಗೆ ಹಾಕಿ ಪಕ್ಕಕ್ಕೆ ಕೂತರು.

ಮನಸ್ಸಿಲ್ಲದ ಮನಸ್ಸಿನಿಂದ ಎಲ್ಲರೂ ಹತ್ತಿದರು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರೂ ವನಿತಾಳ ಪಾದದ ತುದಿ ಮಾತ್ರ ಕ್ಲಚ್‌ಗೆ ತಾಗುತ್ತಿತ್ತು. ಮುಂದೆ ಬಾನೆಟ್ ಬಿಟ್ಟರೆ ರಸ್ತೆ ಕಾಣುತ್ತಿರಲಿಲ್ಲ. ಹೇಗೋ ಹೊರಟಳು. ಸೇತುವೆ ಹತ್ತುವ ಏರಿನಲ್ಲಿ ಮುಂದಿನ ಎತ್ತಿನಗಾಡಿ ನಿಂತಿತು, ಇವಳೂ ನಿಲ್ಲಿಸಿದಳು. ಮತ್ತೆ ಹೊರಡಲು ಹೋದರೆ ಕಾಲು ಜಾರಿ ಎಂಜಿನ್ ಆಫ್ ಆಯಿತು. ಗಾಡಿ ಹಿಂದಕ್ಕೆ ಉರುಳತೊಡಗಿತು. ಹಿಂದಿದ್ದ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. "ಅಯ್ಯೋ ನಂಜುಂಡಾ!" ಎಂದು ಚಿನ್ನಮ್ಮ ಕಿರುಚಿದರು. ವನಿತಾ ಹ್ಯಾಂಡ್‌ಬ್ರೇಕನ್ನು ಜಗ್ಗಿ ಎಳೆದು ನಿಲ್ಲಿಸಿದಾಗ ಬಸ್ಸಿಗೂ ಗಾಡಿಗೂ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಉಳಿದಿರಲಿಲ್ಲ.

ಗುರು ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಬೆವರು ಒರೆಸಿಕೊಂಡು ಹೇಳಿದ: "ಅಭ್ಯಾಸ ಆಗುತ್ತೆ ಮೇಡಂ. ಸೀಟಿನ ಮೇಲೊಂದು ದಿಂಬು ಹಾಕ್ಕೊಳ್ಳಿ."

ಆಗ ರೇಗಿದ್ದು ವನಿತಾ ಅಲ್ಲ, ಚಿನ್ನಮ್ಮ. "ದಿಂಬಾ? ದಿಂಬು ಮನಗೋಕೆ ಕಣಪ್ಪ! ಇದ್ರಲ್ಲಿ ದಿನಾ ನನ್ನ ಸೊಸೆ ಓಗ್ಬೇಕಾ? ಅವಳಿಗೇನಾರ ಆದ್ರೆ ನೀನು ಬಂದು ನೋಡ್ಕತೀಯಾ? ಎತ್ಕೊಂಡೋಗು ನಿನ್ನ ಗಾಡಿಯ!"

"ಇಷ್ಟೆಲ್ಲ ಆಗಿ ಸಣ್ಣ ಕಾರು ತಂದ್ರೆ ಬೀದೀಲಿ ಮರ್ವಾದೆ ಏನಾಯ್ತದೆ?" ಎಂದರು ಮರಿಸ್ವಾಮಿ. ಆದರೆ ದನಿಯಲ್ಲಿ ಮೊದಲಿನ ಬಲ ಇರಲಿಲ್ಲ.

"ಮರ್ಯಾದೆ ಬಂದು ಕ್ಲಚ್ ಒತ್ತಲ್ಲ ಮಾವ!" ಎಂದಳು ವನಿತಾ. "ನೀವು ಅಷ್ಟು ವರ್ಷ ಕಂಬ ಹತ್ತಿದ್ರಲ್ಲ, ಬೆಲ್ಟು ನಿಮ್ಮ ಸೊಂಟಕ್ಕೆ ಸರಿ ಇದೆಯಾ ಅಂತ ಎಳೆದು ನೋಡ್ದೆ ಹತ್ತಿದ್ರಾ? ಇಂಜಿನಿಯರ್ ಸಾಹೇಬ್ರ ಸೊಂಟಕ್ಕೆ ಅಳತೆ ಮಾಡಿದ ಬೆಲ್ಟ್ ಕೊಟ್ಟಿದ್ರೆ ಕಟ್ಕೋತಿದ್ರಾ?"

ಮರಿಸ್ವಾಮಿ ಬಸ್ಸು ಹೋದ ದಾರಿಯನ್ನೇ ನೋಡುತ್ತ ನಿಂತರು. ಬೆಲ್ಟು ಸರಿಯಿಲ್ಲದೆ ಕಂಬದಿಂದ ಬಿದ್ದ ಚಾಮಯ್ಯ ಎಂಬ ಜೊತೆಗಾರನೊಬ್ಬ ಅವರಿಗಿದ್ದ. "ತಪ್ಪಾಯ್ತು ಕಣವ್ವ. ನಿನ್ನ ಕಾಲಿಗೆ ಸರಿಯಾದದ್ನೇ ತರಮ" ಎಂದರು. ಆ ಮನೆಯಲ್ಲಿ ಅವರು ತಪ್ಪಾಯಿತು ಅಂದದ್ದನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಭಾನುವಾರ ಗುರು ಸಣ್ಣ ಕಾರುಗಳನ್ನು ತಂದ. ಈ ಸಲ ಮೊದಲು ಕೂತವಳು ವನಿತಾ. ಮೊದಲನೆಯ ಕಾರಿನ ಬಾಡಿಗೆ ತೀರಾ ಕಡಿಮೆಯಿತ್ತು. ಓಡಿಸಿದರೆ ಅದಕ್ಕೆ ಏರಿನಲ್ಲಿ ದಮ್ಮೇ ಇರಲಿಲ್ಲ. "ಅಗ್ಗ ಅಂತ ಇದನ್ನ ತಂದ್ರೆ ದಿನಾ ಶಾಪ ಹಾಕ್ಕೊಂಡು ಓಡಿಸ್ತೀನಿ. ಬೇಡ" ಎಂದಳು. ಎರಡನೆಯದರಲ್ಲಿ ಕೂತಾಗ ಕಾಲು ಕ್ಲಚ್ಚಿನ ಮೇಲೆ ಆರಾಮವಾಗಿ ಕೂತಿತು. ರಸ್ತೆ ಹತ್ತಿರದವರೆಗೂ ಕಂಡಿತು. ಸೇತುವೆಯ ಏರಿನಲ್ಲಿ ಬೇಕೆಂದೇ ನಿಲ್ಲಿಸಿ ಹೊರಟಳು, ಚೂರೂ ಹಿಂದೆ ಜಾರಲಿಲ್ಲ. ಚಿಕ್ಕಯ್ಯನಛತ್ರದ ಕಡೆ ತಿರುಗಿ ಗದ್ದೆಗಳ ನಡುವೆ ಮೂರನೇ ಗೇರಿಗೆ ಹಾಕಿದಳು, ನಾಲ್ಕಕ್ಕೆ ಹಾಕಿದಳು. ಹೇಳಿದಂತೆ ಕೇಳುವ ಕಾರು! ವನಿತಾ ಬಾಯಿಬಿಟ್ಟು ನಕ್ಕಳು.

"ಇನ್ನೂ ವಸಿ ದೂರ ಓಡ್ಸವ್ವ" ಎಂದರು ಪಕ್ಕದಲ್ಲಿ ಕೂತ ಮರಿಸ್ವಾಮಿ. ಅವರಿಗೂ ಖುಷಿಯಾಗಿತ್ತು, ಮೀಸೆಯಡಿ ಮುಚ್ಚಿಕೊಂಡಿದ್ದರು.

ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂಬುದೂ ಸೇರಿ ಕೋಮಲ ಹೇಳಿದ್ದನ್ನೆಲ್ಲ ವನಿತಾ ಅಷ್ಟರಲ್ಲಿ ಮನೆಯಲ್ಲಿ ಹೇಳಿದ್ದಳು. ವಾಪಸ್ ಬಂದ ಮೇಲೆ ಸಹಿಗೆ ಮುಂಚೆ ದೀಪಕ್ ಒಂದೊಂದೇ ಕೇಳಿದ. ವರ್ಷಕ್ಕೆ ಎಷ್ಟು ಕಿಲೋಮೀಟರ್? ವನಿತಾ ಶಾಲೆಗೆ ಹೋಗಿ ಬರುವುದಕ್ಕೆ ಸಾಲುತ್ತದಾ? ಇನ್ಶೂರೆನ್ಸ್ ಯಾರು ಕಟ್ಟಬೇಕು, ಸರ್ವಿಸ್ ಯಾರು ಮಾಡಿಸಬೇಕು? ಮಧ್ಯದಲ್ಲಿ ಬಿಟ್ಟರೆ ಏನು? ವಾಪಸ್ ಕೊಡುವಾಗ ಸಣ್ಣಪುಟ್ಟ ಗೀರಿಗೂ ದುಡ್ಡು ಹಿಡಿಯುತ್ತೀರಾ? ಪ್ರತಿ ಪ್ರಶ್ನೆಗೂ ಗುರುವಿನ ಮುಖ ಸಣ್ಣದಾಗುತ್ತ ಹೋಯಿತು. "ಬಾಯಲ್ಲಿ ಏಳಿದ್ದೆಲ್ಲ ಬ್ಯಾಡ, ಬರೆದು ಕೊಡಪ್ಪ" ಎಂದರು ಮರಿಸ್ವಾಮಿ. ದೊಡ್ಡ ಗಾಡಿಗಿಂತ ತಿಂಗಳ ಕಂತು ಎಷ್ಟೋ ಕಡಿಮೆಯಾಯಿತು. ಪೂಜೆ ಆದದ್ದು ಇದೆಲ್ಲ ಮುಗಿದ ಮೇಲೆ.

ಕಾರು ಬೀದಿಗೆ ಬಂದಾಗ ಎದುರು ಮನೆಯ ರುದ್ರಮ್ಮ ಜಗಲಿಯಿಂದಲೇ ಕೇಳಿದರು: "ಏನ್ ಚಿನ್ನಮ್ಮಾ, ಮಗನಿಗೆ ಕಾರು ತಂದ್ರಾ? ಸೊಸೆಗೂ ಓಡ್ಸೋಕೆ ಬಿಡ್ತೀರಂತೆ? ಒಳ್ಳೆ ಜನ ಕಣ್ರೀ ನೀವು!"

"ಬಿಡಾದೇನು ಬಂತು ರುದ್ರಕ್ಕ?" ಎಂದರು ಚಿನ್ನಮ್ಮ. "ಅವಳ ಕಾರು, ಅವಳು ಓಡಿಸ್ತಾಳೆ. ನಾವು ಕೂತ್ಕತೀವಿ, ಜಾಗ ಇದ್ರೆ."

ಓದುತ್ತಿರುವ ಅಣ್ಣ, ಅಕ್ಕ, ಈಗ ನಿಮ್ಮನ್ನೇ ಕೇಳುತ್ತೇವೆ. ಒಂದು ಸೀರೆ ತರುವಾಗ ಸೆರಗು ಬಿಡಿಸಿ ನೋಡುತ್ತೀರಿ, ಚಪ್ಪಲಿ ತರುವಾಗ ಕಾಲಿಗೆ ಹಾಕಿ ನಡೆದು ನೋಡುತ್ತೀರಿ. ವರ್ಷಗಟ್ಟಲೆ ಸಂಬಳದಲ್ಲಿ ಹಿಡಿಸಿಕೊಳ್ಳುವ ಕಾರನ್ನು ಮಾತ್ರ ಯಾಕೆ ಕಣ್ಣುಮುಚ್ಚಿ ತರುತ್ತೀರಿ? ಏಜೆಂಟ್ ಹೊಗಳಿದನೆಂದು ಉಬ್ಬಬೇಡಿ. ನೀವು ದಿನಾ ಹೋಗುವ ರಸ್ತೆಯಲ್ಲಿ, ಏರಿನಲ್ಲಿ, ಗುಂಡಿಯಲ್ಲಿ ಓಡಿಸಿ ನೋಡಿ. ತಿಂಗಳ ಕಂತು ಮನೆಯ ಖರ್ಚು ಕಳೆದು ಉಳಿಯುವುದರಲ್ಲಿ ತೀರಬೇಕು. ಲೀಸಿನ ಕಾರು ನಿಮ್ಮದಲ್ಲ, ಷರತ್ತುಗಳನ್ನೆಲ್ಲ ಕೇಳಿ ಬರೆಸಿಕೊಳ್ಳಿ. ಕಡಿಮೆ ಬಾಡಿಗೆಯ ಕಾರೂ ಓಡಿಸುವವರಿಗೆ ಸಂತೋಷ ಕೊಡಬೇಕು, ಅದು ದುಂದಲ್ಲ. ಪೂಜೆ ಖಂಡಿತ ಮಾಡಿ, ಸಹಿ ಖಂಡಿತ ಹಾಕಿ. ಅದಕ್ಕೂ ಮೊದಲು ನಿಮ್ಮ ಮನೆಯಲ್ಲಿ ಆ ಕಾರನ್ನು ಓಡಿಸುವವರು ಯಾರೋ, ಅವರನ್ನು ಅಡುಗೆಮನೆಯಿಂದ ಹೊರಗೆ ಕರೆದು ಸ್ಟೇರಿಂಗ್ ಮುಂದೆ ಕೂರಿಸಿ. ಅವರು ಬೇಡ ಅಂದರೆ, ಬೇಡ.