ಪಂಚಮಿಗೆ ಬಂದ ತಮ್ಮ

ಪಂಚಮಿ ಹಬ್ಬದ ಹೊಸ್ತಿಲಲ್ಲಿ ತಮ್ಮ ಗುರುಪಾದ ಲಕಮನಹಳ್ಳಿಯ ಮನೆಗೆ ಬಂದದ್ದು ಕಂಡು ದಾಕ್ಷಾಯಿಣಿಗೆ ಸಂಭ್ರಮಕ್ಕೆ ಕೈಕಾಲೇ ಆಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹಬ್ಬಕ್ಕೆ ಅವಳನ್ನು ತವರಿಗೆ ಕರೆಯಲು ಒಬ್ಬರೂ ಬಂದಿರಲಿಲ್ಲ. "ಕುಂಡ್ರೋ, ಬಂದೆ" ಎಂದವಳೇ ಒಳಗೋಡಿ ಚಹಾಕ್ಕಿಟ್ಟಳು. ಎರಡು ಇಳಕಲ್ ಸೀರೆ ಬ್ಯಾಗಿಗೆ ತುರುಕಿ, ಅದನ್ನು ಹಿಡಿದೇ ಹೊರಗೆ ಬಂದಳು.

ಗುರುಪಾದ ಫೋನಿನಿಂದ ತಲೆ ಎತ್ತಲಿಲ್ಲ.

"ಅಕ್ಕಾ, ಗಬ್ಬೂರಿನ ಮಿಲ್ಲಿಗೆ ಅಪ್ಪ ನಿನ್ನೂ ಡೈರೆಕ್ಟರ್ ಮಾಡಿದ್ನಲ್ಲ? ಈಗ ಡೈರೆಕ್ಟರ್ ಇದ್ದವರೆಲ್ಲಾ ಗುರುತು ಖಾತ್ರಿ ಮಾಡಸಬೇಕಂತ. ಆಧಾರ್ ಕಾರ್ಡ್ ಕೊಡು. ಹಂಗ ಇದರಾಗ ನೋಡಿ ಒಮ್ಮೆ ಕಣ್ಣ ಮಿಟಕಸು."

ಅವಳು ಕಾರ್ಡು ತಂದುಕೊಟ್ಟು, ಫೋನಿನ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿದಳು. ತುಂಬಿ ನಿಂತಿದ್ದ ನೀರು ಕೆನ್ನೆಗಿಳಿಯಿತು.

"ಮುಖಾ ಒರಸ್ಕೋ ಅಕ್ಕಾ, ಸ್ವಚ್ಛ ಕಾಣವಲ್ದು."

ಸೆರಗಿನಿಂದ ಒರೆಸಿಕೊಂಡು ಮತ್ತೆ ಮಿಟುಕಿಸಿದಳು. ಈ ಸಲ ಕೆಲಸವಾಯಿತು. ಗುರುಪಾದ ಎದ್ದೇಬಿಟ್ಟ.

"ಚಹಾ ಕುದಿಯಾಕತ್ತೇತಿ, ಕುಡದರ ಹೋಗೋ."

"ಆಡಿಟರ್ ಕಾಯಾಕತ್ತಾರ. ಛಲೋ ಆತು ಬಿಡು, ಇನ್ನ ಮೂರು ವರ್ಷ ನಿನಗೂ ತ್ರಾಸಿಲ್ಲ, ನನಗೂ ಇಲ್ಲ."

ಚಪ್ಪಲಿ ಮೆಟ್ಟುವಾಗ ಅವಳ ಕೈಯಲ್ಲಿದ್ದ ಬ್ಯಾಗು ಅವನ ಕಣ್ಣಿಗೆ ಬಿತ್ತು.

"ಯಾಕಕ್ಕಾ, ಹಬ್ಬಕ್ಕ ಎಲ್ಲಿಗರೆ ಹೊಂಟೀಯೇನು?"

"ಇಲ್ಲೋ ತಮ್ಮಾ," ಎಂದು ಬ್ಯಾಗನ್ನು ಬೆನ್ನ ಹಿಂದೆ ಸರಿಸಿದಳು, "ನಾ ಎಲ್ಲಿಗೆ ಹೋಗ್ಲಿ?"